ಹಾಕದೇ ಹೋದ ಸಹಿ

ಮೊನ್ನೆ ಎದುರು ಮನೆಯವರು ಮಗುವಿನ ಸ್ಕೂಲ್ ಪ್ರಾಜೆಕ್ಟಿಗೆ ಮೈದಾ ಗೋಂದು ಕುದಿಸುತ್ತಿದ್ದರು. ಆ ಹಸಿಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಶಂಕರಪುರದ ನಮ್ಮ ಮೂಲೆಮನೆ ಆಂಟಿ ನೆನಪಾದರು.

ಕಾರ್ಪೊರೇಷನ್ ಚುನಾವಣೆ ಬರುತ್ತದೆ ಅಂತ ಒಂದು ಬೇಸಿಗೆಯಲ್ಲಿ ಅವರೂ ಹೀಗೇ ಗೋಂದು ಕುದಿಸಿ, ತಮ್ಮ ಕೈಬರಹದ ಪೋಸ್ಟರ್ ಅಂಟಿಸಿದ್ದರು. ಪಕ್ಷೇತರರಾಗಿ ನಿಲ್ಲುವವರಿದ್ದರು. ನಲ್ಲಿಯಲ್ಲಿ ನೀರು ಬಾರದೆ ಬೀದಿಯೆಲ್ಲ ಒದ್ದಾಡುತ್ತಿದ್ದಾಗ, ಖಾಲಿ ಬಿಂದಿಗೆ ಹಿಡಿದ ಹೆಂಗಸರನ್ನೆಲ್ಲ ಕಟ್ಟಿಕೊಂಡು ವಾರ್ಡ್ ಆಫೀಸಿಗೆ ನುಗ್ಗಿದವರು ಅವರೇ. ಆಗಲೇ ಚುನಾವಣೆ ಆಗಿದ್ದರೆ ಸಲೀಸಾಗಿ ಗೆದ್ದುಬಿಡುತ್ತಿದ್ದರು. ನಾಮಪತ್ರಕ್ಕೆ ಅದೇ ವಾರ್ಡಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕಿತ್ತು. "ನಾನ್ ಹಾಕ್ತೀನಿ ಬಿಡಿ ಆಂಟಿ" ಅಂದೆ, ಭಾರೀ ಧೈರ್ಯಸ್ಥೆಯ ಹಾಗೆ.

ಚುನಾವಣೆ ಮುಂದಕ್ಕೆ ಹೋಯಿತು. ಮಳೆ ಬಂತು, ನಲ್ಲಿಯಲ್ಲಿ ನೀರೂ ಬಂತು, ಜನರ ಸಿಟ್ಟು ಇಳಿಯಿತು. ಮತ್ತೆ ಮುಂದಕ್ಕೆ ಹೋಯಿತು. ಈ ನಡುವೆ ವಿಧಾನಸಭೆ ಚುನಾವಣೆ ಬಂದು, ಮತ್ತೆ ನಿಲ್ಲಬೇಕೆಂದಿದ್ದ ಹಳೇ ಕಾರ್ಪೊರೇಟರ್‌ನ ಪಕ್ಷವೇ ಸರ್ಕಾರ ಮಾಡಿತು. ಅಲ್ಲಿಯತನಕ ಆಂಟಿಯನ್ನು ಕಂಡರೆ ದಾರಿ ಬಿಡುತ್ತಿದ್ದ ಅವನ ಕಡೆಯವರು, ಆಮೇಲೆ ಅವರ ಗೇಟಿಗೇ ಬೈಕ್ ಒರಗಿಸಿಕೊಂಡು ಕೂರತೊಡಗಿದರು. ಪೊಲೀಸರಿಗೆ ಹೇಳೋಣ ಅಂದರೆ... ಸರ್ಕಾರವೇ ಅವರದು, ಯಾರಿಗೆ ಅಂತ ಹೇಳೋದು?

ಕೊನೆಗೂ ದಿನಾಂಕ ಗೊತ್ತಾದ ವಾರ, ಹಾಲಿನ ಬೂತಿನ ಹತ್ತಿರ ಅವರಲ್ಲೊಬ್ಬ ಬಲು ಮರ್ಯಾದೆಯಿಂದ ಕೇಳಿದ: "ಮೇಡಂ, ಸೈನ್ ಹಾಕೋರು ನೀವಂತೆ? ನಿಮ್ ಪಾಪು ಸ್ಕೂಲ್ ಮೂರೂವರೆಗೆ ಬಿಡತ್ತಲ್ವಾ?" ಅಷ್ಟೇ ಅಂದದ್ದು. ಹಾಲಿನ ಪ್ಯಾಕೆಟ್ ಹಿಡಿದು ಹೇಗೆ ಮನೆ ಸೇರಿದೆನೋ ನೆನಪಿಲ್ಲ.

ನಾಮಪತ್ರ ಸಲ್ಲಿಸಲು ಕೊನೆಯ ದಿನ. ಬೆಳಿಗ್ಗೆ ಆಂಟಿ ಬಂದು ಬಾಗಿಲು ಬಡಿದರು. ನಾನು ಮಗಳನ್ನು ಸ್ಕೂಲಿಗೂ ಕಳಿಸದೆ, ಒಳಗಿನಿಂದ ಚಿಲಕ ಹಾಕಿ, ಅವಳ ಬಾಯಿ ಮುಚ್ಚಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಆ ಹೆದರಿಕೆಯಲ್ಲಿ ಒಲೆ ಆರಿಸುವುದೇ ಮರೆತಿತ್ತು. ಕುಕ್ಕರ್ ಕೂಗಿತು.

ಬಡಿಯುವುದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ಹೆದರ್ಕೋಬೇಡಮ್ಮ, ನಾನ್ ಹೋಗ್ತೀನಿ" ಅಂದರು. ಬೀದಿಯಲ್ಲಿ ಬೇರೆ ಯಾರೂ ಬಾಗಿಲು ತೆಗೆಯಲಿಲ್ಲವಂತೆ. ಮಧ್ಯಾಹ್ನಕ್ಕೆ ಗಡುವು ಮುಗಿಯಿತು.

ಆಂಟಿ ತೀರಿಕೊಂಡು ವರ್ಷಗಳಾದವು. ಬದುಕಿದ್ದಾಗ, ಆ ಬೆಳಿಗ್ಗೆಯ ನಂತರವೂ, ಎಷ್ಟೋ ಸಲ ಎದುರಿಗೆ ಸಿಕ್ಕಿದ್ದರು. ತಪ್ಪಾಯಿತು ಅಂತ ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ... ಈಗಲೂ ಕಾರ್ಪೊರೇಷನ್ ಚುನಾವಣೆ ಮತ್ತೆ ಮುಂದಕ್ಕೆ ಹೋಯಿತು ಅಂತ ಪೇಪರಿನಲ್ಲಿ ಓದಿದರೆ ನನಗೆ ಮೊದಲು ಆಗುವುದು ಸಮಾಧಾನ. ಸದ್ಯ, ಸಹಿ ಕೇಳಿಕೊಂಡು ಯಾರೂ ಬರುವುದಿಲ್ಲ.