ಮಳವಳ್ಳಿ ಶಾಲೆಗೆ ನನ್ನ ಅರ್ಜಿ

ನನ್ನ ಗಂಡ ಬದುಕಿಲ್ಲವೆಂಬ ಸುದ್ದಿ ನನಗೆ ಗೊತ್ತಾದದ್ದು ಮಂಡ್ಯದ ಒಂದು ಕಚೇರಿಯಲ್ಲಿ. ಆ ಹೊತ್ತಿಗೆ ಅವರು ಅದೇ ಕಚೇರಿಯ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದರು.

ಯುದ್ಧದ ಕಾಲ. ನಾವು ಮದ್ದೂರಿನಲ್ಲಿದ್ದೆವು. ಯಜಮಾನರು ಒಂದು ಬೆಲ್ಲದ ಮಂಡಿಯಲ್ಲಿ ಗುಮಾಸ್ತರು. ನಾನು ಕನ್ನಡ ಲೋವರ್ ಸೆಕೆಂಡರಿ ಪಾಸು ಮಾಡಿದವಳು. ನಮ್ಮ ಒಕ್ಕಲು ಮನೆಗಳಲ್ಲಿ ಅಷ್ಟು ಓದಿದ ಹೆಣ್ಣನ್ನು ಜನ ಎರಡು ತಲೆಯ ಕರುವನ್ನು ನೋಡುವಂತೆ ನೋಡುತ್ತಿದ್ದರು. ಮಳವಳ್ಳಿ ಕಡೆಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಉಪಾಧ್ಯಾಯಿನಿ ಬೇಕಂತೆ ಎಂದು ಕೇಳಿದ ದಿನದಿಂದ ನನಗೆ ನಿದ್ದೆಯಿಲ್ಲ. ಇದೊಂದು ತಪ್ಪಿದರೆ ಜನ್ಮವೆಲ್ಲ ಒಲೆ ಊದುವುದರಲ್ಲೇ ಮುಗಿಯಿತು ಅಂದುಕೊಂಡಿದ್ದೆ.

ಅರ್ಜಿ ಇಂಗ್ಲಿಷಿನಲ್ಲಿದ್ದರೆ ತೂಕ ಎಂದು ಯಜಮಾನರ ಲೆಕ್ಕ. ತಾಲ್ಲೂಕು ಕಚೇರಿಯ ಮುಂದೆ ಮರದಡಿ ಕೂತು ಊರಿನವರಿಗೆಲ್ಲ ಅರ್ಜಿ ಬರೆದುಕೊಡುವ ಹಿರಿಯರೊಬ್ಬರಿದ್ದರು. ಮೊದಲು ಕಾಲು ಹಿಡಿಯಬೇಕು, ಆಮೇಲೆ ಅಳಬೇಕು, ಕೊನೆಗೆ ಕೈ ಮುಗಿಯಬೇಕು ಎನ್ನುವುದು ಅವರ ಶಾಸ್ತ್ರ. ನಾಲೆ ನೀರಿನ ಜಗಳಕ್ಕೂ ಅದೇ, ಕಳುವಾದ ಎತ್ತಿಗೂ ಅದೇ, ಕೆಲಸ ಕೇಳುವುದಕ್ಕೂ ಅದೇ. ಅವರು ಬರೆದುಕೊಟ್ಟ ಕಾಗದವನ್ನು ಯಜಮಾನರು ಮನೆಗೆ ತಂದು, ಕೆಳಗೆ ಬೆರಳಿಟ್ಟು ತೋರಿಸಿದರು. ಇಂಗ್ಲಿಷ್ ಬಾರದ ನಾನು ಕನ್ನಡದಲ್ಲಿ ರುಜು ಹಾಕಿದೆ. ಏನು ಬರೆದಿದೆ ಎಂದು ಕೇಳಿದರೆ, "ಎಲ್ಲಾ ಬರ್ಸಿವ್ನಿ, ಸುಮ್ಕಿರಮ್ಮಿ" ಅಂದರು.

ಮಂಡ್ಯಕ್ಕೆ ಬರಬೇಕೆಂದು ಕರೆ ಬಂತು. ಹೊರಡುವ ಬೆಳಿಗ್ಗೆ ಅತ್ತೆ ಅಡಿಗೆಮನೆಯಿಂದ ಈಚೆಗೆ ಬರಲಿಲ್ಲ. ಗಂಡ ಹೋದವಳು ಒಳ್ಳೆಯ ಕೆಲಸಕ್ಕೆ ಹೊರಟವರ ಎದುರು ನಿಲ್ಲಬಾರದು ಎಂದು ಅವರೇ ಇಟ್ಟುಕೊಂಡ ಕಟ್ಟಳೆ. ಪಕ್ಕದ ಮನೆಯ ಅಕ್ಕನನ್ನು ಕರೆಸಿ ನನ್ನ ಹಣೆಗೆ ಕಾಸಗಲ ಕುಂಕುಮ ಇಡಿಸಿದರು. ಸ್ಟೇಷನ್ನಿನಲ್ಲಿ ಯಜಮಾನರೇ ಒಂದು ಮೊಳ ಮಲ್ಲಿಗೆ ಕೊಂಡರು. "ಬರೀ ತಲೇಲಿ ಓಗ್ಬಾರ್ದು, ಮುಡ್ಕೊ" ಅಂದರು. ಖುಷಿಯಾಗಿಯೇ ಮುಡಿದೆ.

ಕಚೇರಿಯ ಬೆಂಚಿನ ಮೇಲೆ ಇನ್ನೂ ಕೆಲವು ಹೆಂಗಸರು ಕಾದು ಕೂತಿದ್ದರು. ಎಲ್ಲರದೂ ಬರಿಹಣೆ, ಬರಿಗೈ. ನನ್ನನ್ನು ಒಂದು ಥರ ನೋಡಿದರು. ಹೂವು ಹೆಚ್ಚಾಯಿತೇನೋ ಎಂದು ಸೆರಗು ಎಳೆದುಕೊಂಡೆ.

ಒಳಗೆ ಕೂತಿದ್ದ ಶಾಲೆಗಳ ಇನ್ಸ್‌ಪೆಕ್ಟ್ರಮ್ಮನವರದೂ ಬಿಳಿ ಸೀರೆ, ಬರಿಹಣೆ. ಕಾಗದ ನೋಡಿದರು, ನನ್ನ ಹಣೆ ನೋಡಿದರು, ತಿರುಗಿ ಕಾಗದ ನೋಡಿದರು. ತಾಳಿ, ಬಳೆ, ಹೂವು ಒಂದನ್ನೂ ಬಿಡಲಿಲ್ಲ.

"ನಿಮ್ಮ ಯಜಮಾನರು ತೀರಿಕೊಂಡು ಎಷ್ಟು ಕಾಲವಾಯಿತಮ್ಮ?"

ಎದೆ ಧಸಕ್ಕೆಂದಿತು. ಏನೋ ಆಗಿಹೋಗಿದೆ, ಇವರಿಗೆ ಸುದ್ದಿ ಬಂದಿದೆ, ನನಗೆ ಮೆಲ್ಲಗೆ ತಿಳಿಸುತ್ತಿದ್ದಾರೆ ಎಂದೇ ತಿಳಿದೆ. ಓದಿದ ಕನ್ನಡವೆಲ್ಲ ಮರೆತು, "ಈಗ್ತಾನೆ ಆಚೆ ಜಗಲಿ ಮ್ಯಾಲೆ ಕುಂತಿದ್ರಲ್ಲ ತಾಯಿ" ಅಂದೆ.

ಅವರು ಅರ್ಜಿಯ ಒಂದು ಸಾಲನ್ನು ಕನ್ನಡದಲ್ಲಿ ಹೇಳಿದರು. ಪತಿಯನ್ನು ಕಳೆದುಕೊಂಡು ದಿಕ್ಕಿಲ್ಲದವಳಾದ ನನಗೆ ತಮ್ಮ ಪಾದವೇ ಗತಿ. ಕೆಳಗೆ ನನ್ನ ರುಜು. ಜವಾನನನ್ನು ಕಳಿಸಿ ಯಜಮಾನರನ್ನು ಕರೆಸಿದರು. ಅಂಗಿಯ ಮೇಲೆ ಕಡಲೆಕಾಯಿ ಹೊಟ್ಟು ಅಂಟಿಸಿಕೊಂಡೇ ಬಂದರು.

"ನೀವು ಯಾರು?"

"ಇವ್ಳ ಯಜಮಾನ, ತಾಯಿ."

"ಇದರ ಪ್ರಕಾರ ನೀವಿಲ್ಲ."

ಯಜಮಾನರು ಹೌಹಾರುತ್ತಾರೆ, ಅರ್ಜಿ ಬರೆದವರಿಗೆ ಶಾಪ ಹಾಕುತ್ತಾರೆ ಎಂದು ಕಾದೆ. ನೆಲ ನೋಡಿಕೊಂಡು ನಿಂತರು. "ಬರ್ಯೋರು ಏಳುದ್ರು ತಾಯಿ. ಮುತ್ತೈದೆಗೆ ಈ ಕೆಲ್ಸ ಯಾರೂ ಕೊಡಾಕಿಲ್ಲ, ಗಂಡ ಸತ್ತೋರ್ಗೇ ಮೊದ್ಲು ಅಂತ. ಬರ್ಕೊಳಿ ಅಂದೆ. ಸತ್ತ ಅಂತ ಸುದ್ದಿ ಉಟ್ಟುದ್ರೆ ಆಯಸ್ಸು ಜಾಸ್ತಿ ಅಂತಾರಲ್ಲ."

ಯಜಮಾನರಿಗೆ ಎಲ್ಲಾ ಗೊತ್ತಿತ್ತು. ಮೊದಲಿನ ಪ್ರಶ್ನೆಗಿಂತ ಇದು ನನ್ನನ್ನು ಹೆಚ್ಚು ನಡುಗಿಸಿತು. ಕಾಗದದಲ್ಲಿ ನನ್ನ ತಾಳಿ ತೆಗೆಸಿ, ಸ್ಟೇಷನ್ನಿನಲ್ಲಿ ನನಗೆ ಹೂವು ಮುಡಿಸಿದ್ದರು. ಆ ಬರೆದವರೂ ಇವರೂ ಕಂತೆಗೆ ತಕ್ಕ ಬೊಂತೆ. ವಿಧವೆ ಎಂದು ಬರೆದ ಮೇಲೆ ಯಾರಾದರೂ ಆ ಹಣೆಯನ್ನು ನೋಡಿಯಾರು ಎಂದು ಬರೆದವರಿಗೂ ಹೊಳೆದಿಲ್ಲ, ಬರೆಸಿದವರಿಗೂ ಹೊಳೆದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ಸ್‌ಪೆಕ್ಟ್ರಮ್ಮನವರು ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು. "ಇಷ್ಟುದ್ದ ಅರ್ಜಿಯಲ್ಲಿ ನಿಮಗೇನು ಬರುತ್ತೆ ಅಂತ ಒಂದು ಸಾಲೂ ಇಲ್ಲ. ಅದನ್ನು ಬರೆಯಿರಿ. ಕನ್ನಡದಲ್ಲೇ."

ಹಾಳೆ ಎಳೆದುಕೊಂಡು ಬರೆದೆ. ನಮ್ಮ ಬೀದಿಯ ಹುಡುಗಿಯರಿಗೆ ರಾಗಿ ಬೀಸುವಾಗ ಮಗ್ಗಿ ಕಲಿಸಿದ್ದೇನೆ. ಕಲ್ಲು ಒಂದು ಸುತ್ತು ಬಂದರೆ ಮಗ್ಗಿಯ ಒಂದು ಸಾಲು. ಹಿಟ್ಟೂ ಆಗುವುದರಿಂದ, ಹೆಣ್ಣಿಗೆ ಓದು ಯಾಕೆ ಎನ್ನುವ ತಾಯಂದಿರೂ ಬೇಡವೆನ್ನಲಿಲ್ಲ. ಅಷ್ಟೇ ಬರೆದು ಕೊಟ್ಟೆ.

ಅವರು ಓದಿ, ಹಾಳೆಯನ್ನು ಅರ್ಜಿಯ ಪಕ್ಕದಲ್ಲಿಟ್ಟರು. "ಮೊದಲೇ ಇದನ್ನು ಕಳಿಸಿದ್ದರೆ ನಿಮ್ಮನ್ನೇ ಆರಿಸುತ್ತಿದ್ದೆ. ಆ ಸುಳ್ಳು ಆಗಲೇ ಕಡತಕ್ಕೆ ಸೇರಿದೆ, ಈ ಸಲ ಆಗೋದಿಲ್ಲ. ಮುಂದಿನ ಸಲ ಇದನ್ನೇ ಬರೆದು ಕಳಿಸಿ. ಇವರನ್ನೂ ಬದುಕಿಸಿಕೊಂಡು ಬನ್ನಿ."

ರೈಲಿನಲ್ಲಿ ಮದ್ದೂರಿನವರೆಗೂ ಅಳುತ್ತಲೇ ಬಂದೆ. ಯಾರು ನೋಡಿದರೇನು, ನಾಚಿಕೆಯಾಗಲಿಲ್ಲ. ಯಜಮಾನರು ಕಿಟಕಿಯ ಆಚೆ ನೋಡುತ್ತಿದ್ದರು.

ಸಂಜೆ ಅತ್ತೆ ಮಗನಿಗೆ ಮುದ್ದೆ ಇಟ್ಟು, ಏನಾಯಿತೆಂದು ಕೇಳಿದರು. ಇವರು ನಡೆದದ್ದನ್ನೆಲ್ಲ ಹೇಳಿ, ತಮಗೇ ಅನ್ಯಾಯವಾದವರ ಹಾಗೆ, "ಗಂಡ ಸತ್ತೋರ್ಗೇ ಕಣವ್ವ ಈಗ ಕಾಲ. ನಾನು ಬದ್ಕಿರಾದೇ ತಪ್ಪಾಯ್ತು" ಅಂದರು.

ಅತ್ತೆ ಸಾರಿನ ಸೌಟನ್ನು ಕೆಳಗಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ ಗಂಡ ದಿಟವಾಗ್ಲೂ ಸತ್ತ ಕಣ್ಲಾ. ನಿನ್ನ ನನ್ ಬೆನ್ನಿಗೆ ಕಟ್ಕೊಂಡು ಕಂಡೋರ್ ಗದ್ದೇಲಿ ಕಳೆ ಕಿತ್ತೆ. ನಂಗೆ ಯಾರ್ಲಾ ಕುರ್ಚಿ ಆಕ್ಕೊಟ್ರು?"

ಯಜಮಾನರು ಮುರಿದ ಮುದ್ದೆಯನ್ನು ಹಾಗೇ ಬಿಟ್ಟು, ತಾಯಿಯ ಹಣೆಯನ್ನು ನೋಡುತ್ತ ಕೂತರು.