ಪುರಾವಿ ಕೇಳದ ಭಿಶಿ

ಗಜೇಂದ್ರಗಡದ ನಮ್ಮ ಓಣ್ಯಾಗ ಭಿಶಿ ನಡಸಾಕಿ ನಾನ. ತಿಂಗಳಾ ಎಲ್ಲಾರೂ ರೊಕ್ಕ ಹಾಕ್ತಾರ, ಪಾಳಿ ಪ್ರಕಾರ ಒಬ್ಬಾಕಿ ಎತ್ತತಾಳ. ಯಾರ ಮನ್ಯಾಗರ ದವಾಖಾನಿ ಅಂತ ಬಂದ್ರ ಪಾಳಿ ಬಿಟ್ಟು ಅವರಿಗೇ ಮೊದಲು. ಪುರಾವಿ ಕೇಳೂ ಪದ್ಧತಿ ಇಲ್ಲ. ಜಡ್ಡಿನ ಹೆಸರ ಹೇಳಿ ಸುಳ್ಳಾಡಾಕ ಯಾರಿಗೆ ನಾಲಿಗಿ ಏಳತೈತಿ?

ನನ್ನ ಸೊಸಿ ಮನ್ಯಾಗ ಕುಂತು ಕಂಪ್ಯೂಟರ್ ಕೆಲಸ ಮಾಡಾಕಿ. ಇದನ್ನ ನೋಡಿ ಹುರುಪಿಗೆ ಬಿದ್ದು, ಕ್ರಿಪ್ಟೋ ರೊಕ್ಕದ ಭಿಶಿಗೆ ಒಂದು ಕೋಡ್ ಬರದ್ಲು. "ಅತ್ತಿ, ಬ್ಯಾಂಕೂ ಬ್ಯಾಡ, ನಿಮ್ಮಂಥ ಹಿರ್ಯಾಕೀನೂ ಬ್ಯಾಡ. ಕೋಡ್ ತಾನ ಪಾಳಿ ಹಂಚತೈತಿ," ಅಂದ್ಲು.

"ಅಯ್ಯ, ನನ್ನ ಕೆಲಸಾನ ಕಸಗೊಂಡಿ ಬಿಡವಾ!" ಅಂತ ಕಾಡಿಸಿದೆ.

ಪುರಾವಿ ಕೇಳದ ನಮ್ಮ ದವಾಖಾನಿ ಪದ್ಧತೀನೂ ಅದರಾಗ ಇದ್ದಂಗ ಬರದಿದ್ಲು. ಯಾರ ಬೇಕಾದ್ರೂ ಬಳಸ್ರಿ ಅಂತ ಇಂಟರ್ನೆಟ್ಟಿನ್ಯಾಗ ಪುಕ್ಕಟೆ ಬಿಟ್ಲು. ಎಲ್ಲಿಯೋ ಮಂದಿ ಅದರ ಮ್ಯಾಲೆ ದೊಡ್ಡ ಭಿಶಿ ಸುರು ಮಾಡಿದ್ರು. ಅದರಾಗ ಹೊಕ್ಕ ಒಬ್ಬ ಕಳ್ಳ ದವಾಖಾನಿ ಅಂದ, ಮತ್ತ ದವಾಖಾನಿ ಅಂದ, ಇದ್ದದ್ದೆಲ್ಲಾ ಬಳಕೊಂಡು ಹೋದ. ಪೊಲೀಸ್ರು ಕರದದ್ದು ಮಾತ್ರ ನನ್ನ ಸೊಸೀನ್ನ!

ರೋಣದಾಗ ವಕೀಲರನ್ನ ಕಂಡ್ವಿ. "ಬರದೋರು ಬ್ಯಾರೆ, ನಡಸಿದೋರು ಬ್ಯಾರೆ. ಬರದೋರ ಹೊಣಿ ಎಷ್ಟು ಅನ್ನೂದು ಇನ್ನೂ ಬಗೀಹರದಿಲ್ರಿ. ಬೇಕಂತನ ಕಳ್ಳಗ ಬಾಗಲಾ ತಗದಿಟ್ಟಾಳ ಅಂತ ಪೊಲೀಸರ ವಾದ. ಇಂಥಾ ಪದ್ಧತಿ ಖರೇನ ಐತಿ ಅಂತ ನಿಮ್ಮ ಓಣ್ಯಾಗಿನೋರು ಸಾಕ್ಷಿ ಹೇಳಬೇಕು," ಅಂದ್ರು.

"ನಾ ಕಳ್ಳಿ ಏನ್ರೀ?" ಅಂದ್ಲು ಸೊಸಿ. ಬಸ್ಸಿನ್ಯಾಗ ಊರ ಬರೂತನಕಾ ಆಕಿ ಕೈ ಬಿಡಲಿಲ್ಲ ನಾ.

ಮುಂದಿನ ಭಿಶಿಗೆ ಒಬ್ರೂ ತಪ್ಪಲಿಲ್ಲ. ಎಲ್ಲಾರೂ ಸಾಕ್ಷಿಗೆ ಹೂಂ ಅಂದ್ರು. ನನ್ನ ಜೀವ ತಣ್ಣಗಾತು. ಅಷ್ಟರಾಗ ಬಾಜೂ ಮನಿಯಾಕಿ ಅಂದ್ಲು, "ನಮ್ಮ ಮನಿಯವರನ್ನ ದವಾಖಾನ್ಯಾಗ ಇಟ್ಟಾರ್ರಿ. ಈ ಸಲ ನನಗ ಕೊಡ್ರಿ."

ನಾ ರೊಕ್ಕಕ್ಕ ಕೈ ಹಾಕಿದ್ದೆ. ಸೊಸಿ ಪಟ್ಟನ ಕೇಳಿದ್ಲು, "ಕಾಗದಾ ಏನರ ತಂದೀರೇನ್ರಿ?"

ಸೊಸಿ ತನ್ನ ಬಾಯಿ ತಾನ ಮುಚ್ಕೊಂಡು ಅಳಾಕ ಹತ್ತಿದ್ಲು. "ಕೂಸು ಅಂಜೈತಿ, ಬಿಡ್ರಿ," ಅಂತ ಬಾಜೂ ಮನಿಯಾಕೀನ ಆಕಿ ಕಣ್ಣ ಒರಸಿದ್ಲು. ಆಮ್ಯಾಲೆ ಚೀಲದಾಗಿಂದ ದವಾಖಾನಿ ಕಾಗದಾ ತಗದು ನನ್ನ ಮುಂದ ಇಟ್ಲು. ನಾ ಅದನ್ನ ಬಿಚ್ಚಲಿಲ್ಲ, ರೊಕ್ಕ ಕೊಟ್ಟೆ.

ಈಗ ದವಾಖಾನಿ ಅಂತ ಭಿಶಿಗೆ ಬರೋರು ನಾವು ಕೇಳೂಕಿಂತ ಮೊದಲ ಕಾಗದಾ ತರತಾರ. ನಾಳೆ ಕೋರ್ಟಿನ್ಯಾಗ ನಿಂತು, ನಮ್ಮಲ್ಲಿ ಪುರಾವಿ ಕೇಳೂದಿಲ್ರಿ ಅಂತ ಯಾವ ಬಾಯಿಲೆ ಹೇಳ್ಲಿ?