ಮೂರು ಮುಚ್ಚಳ ವಿಷ, ಒಂದು ಹಿಡಿ ಸಕ್ಕರೆ

ಇವತ್ತು ಬೆಳಿಗ್ಗೆ ನನ್ನ ಪಿತ್ತ ನೆತ್ತಿಗೇರಿತು ಸ್ನೇಹಿತರೇ. ಐಮಂಗಲದ ನಮ್ಮ ಮನೆ ಬಾಗಿಲ ಚೌಕಟ್ಟನ್ನು ಗೊದ್ದ ಎನ್ನುವ ದೊಡ್ಡ ಕರಿ ಇರುವೆಗಳು ಕೊರೆದು ಪುಡಿ ಉದುರಿಸುತ್ತಿವೆ. ಯಾವ ವಿಷ ತಿನ್ನುತ್ತವೋ ನೋಡೋಣವೆಂದು ಮೂರು ಬಾಟಲಿ ಮುಚ್ಚಳ ಇಟ್ಟಿದ್ದೆ. ಒಂದರಲ್ಲಿ ಬೆಲ್ಲ ಬೆರೆಸಿದ ವಿಷ, ಇನ್ನೊಂದರಲ್ಲಿ ಶೇಂಗಾ ಎಣ್ಣೆ ಬೆರೆಸಿದ್ದು, ಮೂರನೆಯದರಲ್ಲಿ ಅಂಗಡಿಯ ಜೆಲ್. ವಾರವಾದರೂ ಒಂದು ಇರುವೆಯೂ ಮೂಸಲಿಲ್ಲ. ನಿನ್ನೆ ಹಿರಿಯೂರಿಗೆ ಹೋಗಿ, ಜೆಲ್ ಕೊಟ್ಟ ಅಂಗಡಿಯವನ ಜೊತೆ ಜಗಳವನ್ನೂ ಆಡಿ ಬಂದೆ.

ಇವತ್ತು ಬೇಗ ಬಾಗಿಲು ತೆಗೆದರೆ, ಪಕ್ಕದ ಮನೆಯ ಗಂಗಮ್ಮನವರು ನನ್ನ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ಸಕ್ಕರೆ, ರವೆ ಉದುರಿಸುತ್ತಿದ್ದಾರೆ! ಗೊದ್ದಗಳು ಸಾಲುಗಟ್ಟಿ ಹೊರುತ್ತಿವೆ.

"ಏನ್ರಿ ಇದು?" ಎಂದೆ.

"ದಿನಾ ಹಾಕ್ತೀನಪ್ಪ. ಇರುವೆಗೆ ಸಕ್ಕರೆ ಹಾಕಿದ್ರೆ ಶನಿಕಾಟ ಕಮ್ಮಿ ಆಗ್ತೈತಂತೆ."

"ನಿಮ್ಮನೆ ಇರುವೆಗೆ ಹಾಕ್ಕಳ್ರಿ!"

"ನಮ್ಮನೇಲಿ ಎಲ್ಲಿ ಅವೆ? ಹೋದ ತಿಂಗಳೇ ಔಷಧಿ ಹೊಡೆಸಿ ಎಲ್ಲಾ ಸಾಯಿಸಿದ್ವಲ್ಲ!"

ಶನಿಕಾಟ ಇರುವುದು ಅವರಿಗಂತೆ. ಉದುರುತ್ತಿರುವ ಬಾಗಿಲು ಮಾತ್ರ ನನ್ನದು.